30×40 ಮನೆಗೆ ಮೊದಲೇ ಒಪ್ಪಿಗೆ ಕೊಟ್ಟಿಡಿ: ನಕ್ಷೆ ಬರೆಯುವವನೊಬ್ಬನ ಬಹಿರಂಗ ಪತ್ರ

ನಗರಾಭಿವೃದ್ಧಿ ಇಲಾಖೆಯವರಿಗೆ, ಮತ್ತೆ ಮೈಸೂರು, ಮಂಡ್ಯದ ಕಡೆ ಪಾಲಿಕೆ, ನಗರಸಭೆ, ಪ್ರಾಧಿಕಾರ, ಪಟ್ಟಣ ಪಂಚಾಯ್ತಿಗಳಲ್ಲಿ ಕೂತು ಮನೆ ನಕ್ಷೆಗೆ ಸಹಿ ಹಾಕುವ ಎಲ್ಲರಿಗೂ,

ನಮಸ್ಕಾರ.

ನಾನು ಮನೆ ನಕ್ಷೆ ಬರೆಯುವವನು. ಇಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಅಂತೂ ಅಲ್ಲವೇ ಅಲ್ಲ. ಇಂಜಿನಿಯರ್ ಹೇಳಿದ್ದನ್ನು ಆಟೋಕ್ಯಾಡ್‌ನಲ್ಲಿ ಗೆರೆ ಎಳೆದು, ಅಳತೆ ಹಾಕಿ, ಮಂಜೂರಾತಿಯ ಆನ್‌ಲೈನ್ ಪೋರ್ಟಲ್ ಒಪ್ಪುವ ಹಾಗೆ ಮಾಡಿಕೊಡುವ ಡ್ರಾಫ್ಟ್ಸ್‌ಮನ್. ಊರು ಮಂಡ್ಯ ಕಡೆ, ಕೆಲಸ ಮೈಸೂರಿನಲ್ಲಿ. ಈ ಪತ್ರದಲ್ಲಿ ಕೇಳುತ್ತಿರುವುದು ನನ್ನ ಸಂಪಾದನೆಗೇ ಕತ್ತರಿ ಹಾಕುವಂಥದ್ದು ಅಂತ ಜೊತೆಯವರು ಆಗಲೇ ನಗುತ್ತಿದ್ದಾರೆ. ಇರಲಿ.

ಕೇಳುತ್ತಿರುವುದು ಇಷ್ಟೇ. ಎಲ್ಲ ಕಡೆ ಇರುವ, 30×40 ಅಡಿಯಂಥ ಸಾಮಾನ್ಯ ಅಳತೆಯ ಸೈಟುಗಳಿಗೆ ಒಂದಷ್ಟು ಒಳ್ಳೆಯ ನಕ್ಷೆಗಳನ್ನು ಸರ್ಕಾರವೇ ಮಾಡಿಸಲಿ. ಅವನ್ನು ಒಂದು ಸಲ ಸರಿಯಾಗಿ ಪರಿಶೀಲಿಸಿ, ಮಂಜೂರು ಮಾಡಿ, ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಇಟ್ಟುಬಿಡಲಿ. ಅದರಲ್ಲೊಂದನ್ನು ಆರಿಸಿಕೊಂಡು ಬಂದವರ ಹತ್ತಿರ ನೀವು ನೋಡಬೇಕಾದದ್ದು ಸೈಟು ಮತ್ತು ಅದರ ಕಾಗದ ಮಾತ್ರ. ಹಾಲ್ ಎಷ್ಟಡಿ, ಕಿಟಕಿ ಎಷ್ಟಗಲ, ಮೆಟ್ಟಿಲ ಎತ್ತರ ಎಷ್ಟು ಅಂತ ಪ್ರತಿ ಸಲ ಮೊದಲಿಂದ ಅಳೆಯುವ ಕೆಲಸ ಯಾಕೆ?

ಈಗ ಏನಾಗುತ್ತಿದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ನನ್ನ ಕಂಪ್ಯೂಟರಿನಲ್ಲಿ '30-40 ಈಸ್ಟ್ ಫೇಸ್' ಅಂತ ಒಂದು ಫೈಲ್ ಇದೆ. ಹೊಸ ಪಾರ್ಟಿ ಬಂದರೆ ಅದನ್ನೇ ತೆಗೆದು ಸೇವ್ ಆ್ಯಸ್ ಕೊಡುತ್ತೇನೆ. ಕೆಳಗಿನ ಚೌಕದಲ್ಲಿ ಮಾಲೀಕರ ಹೆಸರು ಬದಲು, ಸೈಟ್ ನಂಬರ್ ಬದಲು, ಖಾತೆ ನಂಬರ್ ಬದಲು. ಸೈಟು ಎಲ್ಲಿದೆ ಅಂತ ತೋರಿಸುವ ಕೀ ಪ್ಲಾನ್‌ನಲ್ಲಿ ರಸ್ತೆ ಹೆಸರು ಬದಲು. ಚೆಕ್ಕುಬಂದಿ ಬದಲು. ಅಷ್ಟೇ. ಹಾಲ್ ಅದೇ, ಅಡುಗೆಮನೆ ಅದೇ, ರೂಮಿನ ಬಾಗಿಲು 3×7, ಬಚ್ಚಲಿನದು 2.5×7, ಎಲ್ಲ ಅದೇ. ದಟ್ಟಗಳ್ಳಿಯಲ್ಲಿ ನಿಂತಿರುವ ಮನೆಯ ನಕ್ಷೆಯೇ ಸಾತಗಳ್ಳಿಗೂ ಹೋಗುತ್ತದೆ, ಮಂಡ್ಯದ ವಿವೇಕಾನಂದ ನಗರಕ್ಕೂ ಹೋಗುತ್ತದೆ. ಮೈಸೂರಿನಲ್ಲಿ ಎಷ್ಟೋ ಆಫೀಸುಗಳಲ್ಲಿ ನನ್ನಂಥವರು ಕೂತು ಇದೇ ಕೆಲಸ ಮಾಡುತ್ತಿದ್ದೇವೆ. ಆ ಕಡೆ ನಿಮ್ಮವರು ಕೂತು ಅದೇ ಮನೆಯನ್ನು ಹೊಸದು ಅನ್ನುವ ಹಾಗೆ ಮತ್ತೆ ಮತ್ತೆ ನೋಡುತ್ತಾರೆ.

ಆನ್‌ಲೈನ್ ಬಂದ ಮೇಲೆ ಸುಲಭ ಆಯಿತು ಅನ್ನುತ್ತಾರೆ. ಒಂದು ಮಟ್ಟಕ್ಕೆ ನಿಜ. ಕಾಗದದ ಕಟ್ಟು ಹೊತ್ತುಕೊಂಡು ಮಹಡಿ ಹತ್ತಿ ಇಳಿಯುವುದು ಕಡಿಮೆ ಆಗಿದೆ. ಆದರೆ ಡ್ರಾಯಿಂಗ್ ನೋಡುವ ಸಾಫ್ಟ್‌ವೇರಿಗೆ ಅದರದೇ ಮಡಿ ಇದೆ. ಪ್ರತಿ ಗೆರೆಯೂ ಅದಕ್ಕೆ ಹೇಳಿದ ಲೇಯರಿನಲ್ಲೇ ಇರಬೇಕು. ಸೈಟಿನ ಗೆರೆಗೆ ಒಂದು ಹೆಸರು, ಕಟ್ಟಡದ ಗೆರೆಗೆ ಒಂದು, ಸುತ್ತ ಬಿಡುವ ಜಾಗಕ್ಕೆ ಒಂದು. ಯಾವುದೋ ಮೂಲೆಯಲ್ಲಿ ಎರಡು ಗೆರೆ ಕೂದಲೆಳೆಯಷ್ಟು ಕೂಡದೆ ಉಳಿದಿದ್ದರೂ ಅದು ಕೋಣೆ ಅಂತ ಸಾಫ್ಟ್‌ವೇರ್ ಒಪ್ಪುವುದಿಲ್ಲ. ವಾಪಸ್. ನಾನು ದೊಡ್ಡದು ಮಾಡಿ ನೋಡಿ, ಗೆರೆ ಕೂಡಿಸಿ, ಮತ್ತೆ ಹಾಕಬೇಕು. ಮನೆ ಕಟ್ಟುವವರಿಗೆ ಇದು ಗೊತ್ತೇ ಇರುವುದಿಲ್ಲ. ಅವರಿಗೆ ಗೊತ್ತಿರುವುದು "ಇನ್ನೂ ಪ್ಲಾನ್ ಬಂದಿಲ್ವಂತೆ" ಅನ್ನುವುದಷ್ಟೇ.

ಈ ಕಾಯುವಿಕೆಗೆ ಬೆಲೆ ಇದೆ ಸ್ವಾಮಿ. ಸೈಟಿಗೆ ತೆಗೆದ ಸಾಲದ ಬಡ್ಡಿ ಓಡುತ್ತಿರುತ್ತದೆ, ಇರುವ ಮನೆಗೆ ಬಾಡಿಗೆ ಕಟ್ಟುತ್ತಿರುತ್ತಾರೆ. ಮಂಜೂರಾದ ನಕ್ಷೆ ಇಲ್ಲದೆ ಬ್ಯಾಂಕು ಮನೆ ಸಾಲ ಬಿಡುಗಡೆ ಮಾಡುವುದಿಲ್ಲ. ಇದರ ಜೊತೆ ಪಂಚಾಂಗ ಬೇರೆ. ನಮ್ಮಲ್ಲಿ ಆಷಾಢಕ್ಕೆ ಮುಂಚೆ ಗುದ್ದಲಿ ಪೂಜೆ ಆಗಲೇಬೇಕು, ಇಲ್ಲದಿದ್ದರೆ ಶ್ರಾವಣಕ್ಕೆ ಹೋಯಿತು, ಅಷ್ಟರಲ್ಲಿ ಮಳೆ ಹಿಡಿದುಕೊಂಡಿರುತ್ತದೆ, ಮೇಸ್ತ್ರಿ ಬೇರೆ ಕೆಲಸ ಒಪ್ಪಿಕೊಂಡಿರುತ್ತಾನೆ. ಹಾಗಾಗಿ ಜನ ಏನು ಮಾಡುತ್ತಾರೆ? ಪ್ಲಾನ್ ಬರುವ ಮೊದಲೇ ಪಾಯ ತೆಗೆಸಿಬಿಡುತ್ತಾರೆ. ಬಂದಾಗ ಬರಲಿ ಅಂತ. ಅಲ್ಲಿಂದ ಮುಂದಿನದೆಲ್ಲ ನಿಮಗೆ ಗೊತ್ತಿರುವ ಕಥೆಯೇ.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಬರೀ ತಡ ಆಗುತ್ತದೆ ಅಂತ ಅಲ್ಲ. ತಡಕ್ಕಿಂತ ದೊಡ್ಡ ರೋಗ ಒಂದಿದೆ. ನಿಮಗೂ ಗೊತ್ತು, ನಮಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆಫೀಸಿಗೆ ಒಂದು ಪ್ಲಾನ್, ಮೇಸ್ತ್ರಿಗೆ ಇನ್ನೊಂದು ಪ್ಲಾನ್.

ಆಫೀಸಿಗೆ ಹೋಗುವ ಪ್ಲಾನ್‌ನಲ್ಲಿ ಸುತ್ತಲೂ ಕಾನೂನು ಹೇಳಿದಷ್ಟು ಜಾಗ ಬಿಟ್ಟಿರುತ್ತದೆ. ಕೆಳಗಡೆ ಕಾರು ನಿಲ್ಲಿಸಲು ಜಾಗ ಇರುತ್ತದೆ. ಮೆಟ್ಟಿಲು ಮನೆಯೊಳಗಿರುತ್ತದೆ. ಮೇಸ್ತ್ರಿ ಕೈಗೆ ಹೋಗುವ ಪ್ಲಾನ್‌ನಲ್ಲಿ ಕಾರಿನ ಜಾಗದಲ್ಲಿ ಒಂದು ಸಣ್ಣ ಬಾಡಿಗೆ ಮನೆ, ಹೊರಗಡೆಯಿಂದ ಮೆಟ್ಟಿಲು, ಪಕ್ಕದ ಜಾಗದ ಮೇಲೆ ಚಾಚಿಕೊಂಡ ಮೇಲಿನ ಮಹಡಿ. ಮೊದಲನೆಯದು ಫೈಲಿನಲ್ಲಿ ಉಳಿಯುತ್ತದೆ. ಎರಡನೆಯದು ರಸ್ತೆಯಲ್ಲಿ ಎದ್ದು ನಿಲ್ಲುತ್ತದೆ. ನೀವು ಅಷ್ಟು ಹೊತ್ತು ಕೂತು, ಅಷ್ಟು ಆಕ್ಷೇಪ ಎತ್ತಿ, ಅಷ್ಟು ಸಲ ವಾಪಸ್ ಕಳಿಸಿ ಸರಿ ಮಾಡಿಸಿದ ಆ ಮನೆಯನ್ನು ಯಾರೂ ಕಟ್ಟುವುದೇ ಇಲ್ಲ!

ಯಾಕೆ ಹೀಗೆ? ಜನ ಎಲ್ಲ ಕಳ್ಳರು ಅಂತಲ್ಲ. ಅವರಿಗೆ ಬೇಕಾದ ಮನೆಯನ್ನು ನಿಯಮದೊಳಗೇ ಹೇಗೆ ಕೂಡಿಸಬಹುದು ಅಂತ ಯಾರೂ ಕೂತು ಯೋಚನೆ ಮಾಡಿಕೊಟ್ಟಿಲ್ಲ. ಒಳ್ಳೆಯ ಆರ್ಕಿಟೆಕ್ಟ್ ಹತ್ತಿರ ಹೋದರೆ ಅದು ಆಗುತ್ತದೆ, ನಾನೇ ನೋಡಿದ್ದೇನೆ. 1,200 ಚದರಡಿ ಸೈಟಿನಲ್ಲಿ ಸುತ್ತ ಜಾಗವೂ ಬಿಟ್ಟು, ಮಧ್ಯದಲ್ಲಿ ಬೆಳಕು ಬೀಳಲು ಒಂದು ತೆರೆದ ಜಾಗವನ್ನೂ ಇಟ್ಟು, ಕೆಳಗೆ ಬಾಡಿಗೆ ಮೇಲೆ ಸ್ವಂತ ಅಂತ ಚೆನ್ನಾಗಿ ಕೂಡಿಸಬಹುದು. ಆದರೆ 30×40 ಕಟ್ಟುವ ಗಾರ್ಮೆಂಟ್ಸ್ ಕೆಲಸದವರು, ಡ್ರೈವರುಗಳು, ಮೇಷ್ಟ್ರುಗಳು ಆರ್ಕಿಟೆಕ್ಟ್ ಹತ್ತಿರ ಹೋಗುವುದಿಲ್ಲ. ನಮ್ಮಂಥ ಆಫೀಸಿಗೆ ಬರುತ್ತಾರೆ. ನಾವು 'ಈಸ್ಟ್ ಫೇಸ್' ಫೈಲ್ ತೆಗೆಯುತ್ತೇವೆ.

ಮೊದಲೇ ಮಂಜೂರಾದ ನಕ್ಷೆ ಅನ್ನುವುದರಿಂದ ಸಿಗಬೇಕಾದ ದೊಡ್ಡ ಲಾಭ ಇದೇ ಅಂತ ನನ್ನ ನಂಬಿಕೆ. ನಿಮ್ಮ ಫೈಲಿನಲ್ಲಿರುವ ನಕ್ಷೆಯೂ ಮೇಸ್ತ್ರಿ ಕೈಲಿರುವ ನಕ್ಷೆಯೂ ಒಂದೇ ಆಗಬೇಕು. ಬೇಗ ಆಗುವುದು ಅದರ ಜೊತೆ ಬರುವ ಲಾಭ.

ಇದು ನಾನು ಕಂಡುಹಿಡಿದದ್ದೇನಲ್ಲ. ಅಮೆರಿಕದ ಇಂಡಿಯಾನಾದಲ್ಲಿ ಸೌತ್ ಬೆಂಡ್ ಅಂತ ಒಂದು ಊರು. ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಇದ್ದ ಹಾಗೆ ಅಲ್ಲಿ ಸ್ಟುಡ್‌ಬೇಕರ್ ಕಾರು ಕಾರ್ಖಾನೆ ಇತ್ತು, 1963ರಲ್ಲಿ ಮುಚ್ಚಿತು. ಜನ ಊರು ಬಿಟ್ಟರು, ಎಷ್ಟೋ ಮನೆ ಬಿದ್ದವು, ಊರೊಳಗೇ ಖಾಲಿ ಸೈಟು ಜಾಸ್ತಿ ಆದವು. ಅಲ್ಲಿನ ನಗರಾಡಳಿತ ಕೆಲವು ವರ್ಷದ ಹಿಂದೆ ಸಣ್ಣ ಒಂಟಿ ಮನೆಯಿಂದ ಹಿಡಿದು ಆರು ಮನೆಯ ಕಟ್ಟಡದವರೆಗೆ ನಕ್ಷೆಗಳನ್ನು ತಾನೇ ಮಾಡಿಸಿ, ತಾನೇ ಒಪ್ಪಿಗೆ ಕೊಟ್ಟು, ಜನರಿಗೆ ಪುಕ್ಕಟೆ ಕೊಡಲು ಶುರು ಮಾಡಿತು. ಮಿಷಿಗನ್ನಿನ ಕ್ಯಾಲಮಜೂ ಊರಿನವರೂ ಇದೇ ದಾರಿ ಹಿಡಿದವರು. ಲಾಸ್ ಏಂಜಲೀಸ್ 2021ರಲ್ಲಿ ಹಿತ್ತಲ ಸಣ್ಣ ಮನೆಗಳಿಗೆ ಇಂಥ ನಕ್ಷೆಗಳನ್ನು ತಂದಿತು. ಅಲ್ಲಿ ಹೆಚ್ಚಿನ ನಕ್ಷೆಗಳು ಆರ್ಕಿಟೆಕ್ಟ್‌ಗಳದೇ ಸ್ವತ್ತು. ಬೇಕಾದವರು ಅವರಿಗೆ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು, ನಗರಾಡಳಿತ ಸೈಟಿನ ಸಂಗತಿ ಮಾತ್ರ ನೋಡುತ್ತದೆ. ಆಮೇಲೆ ಇಡೀ ಕ್ಯಾಲಿಫೋರ್ನಿಯಾಕ್ಕೇ ಕಾನೂನು ಬಂತು: 2025ರ ಜನವರಿ 1ರೊಳಗೆ ಪ್ರತಿ ಊರಿನಲ್ಲೂ ಇಂಥ ವ್ಯವಸ್ಥೆ ಇರಬೇಕು, ಮೊದಲೇ ಒಪ್ಪಿದ ನಕ್ಷೆ ತಂದವರಿಗೆ 30 ದಿನದಲ್ಲಿ ಹೌದು ಅಥವಾ ಇಲ್ಲ ಅಂತ ಹೇಳಬೇಕು.

ಕೆನಡಾದವರದು ಇನ್ನೂ ಹಳೆಯ ಅಭ್ಯಾಸ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಯುದ್ಧದ ಕಾರ್ಖಾನೆಗಳ ಕೆಲಸಗಾರರಿಗೆ ಅಂತ ಒಂದು ಸರ್ಕಾರಿ ಕಂಪನಿ ಮಾಡಿ ಒಂದೇ ನಮೂನೆಯ ಸಣ್ಣ ಮನೆಗಳನ್ನು ಸಾಲು ಸಾಲಾಗಿ ಕಟ್ಟಿದರು. ಯುದ್ಧ ಮುಗಿದ ಮೇಲೆ ಮನೆ ನಕ್ಷೆಗಳ ಪುಸ್ತಕಗಳನ್ನೇ ಹೊರತಂದರು. 2025ರಲ್ಲಿ ಅದೇ ಯೋಚನೆಯನ್ನು ಮತ್ತೆ ತೆಗೆದು, ಬೇರೆ ಬೇರೆ ಪ್ರಾಂತ್ಯಗಳಿಗೆ ಹೊಂದುವ ಸುಮಾರು 50 ನಕ್ಷೆಗಳನ್ನು ಎಲ್ಲರಿಗೂ ಬಿಟ್ಟಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲೂ ಅದೇ ವರ್ಷ ಇಂಥದ್ದೊಂದು ಬಂತು. ಮೊದಲ ಆರು ತಿಂಗಳು ನಕ್ಷೆ ಒಂದಕ್ಕೆ 1 ಡಾಲರ್, ಸೈಟು ನಿಯಮಕ್ಕೆ ಹೊಂದಿದರೆ 10 ದಿನದಲ್ಲಿ ಒಪ್ಪಿಗೆ ಅಂತ ಅಲ್ಲಿನ ಸರ್ಕಾರ ಹೇಳಿತು.

ದೂರದ ಮಾತು ಯಾಕೆ, ಅಕ್ಕಪಕ್ಕ ನೋಡೋಣ. ತೆಲಂಗಾಣದವರು 2020ರಿಂದ 75 ಚದರ ಗಜದೊಳಗಿನ ಸೈಟಿನಲ್ಲಿ 7 ಮೀಟರ್ ಎತ್ತರದವರೆಗಿನ ಮನೆಗೆ ಅನುಮತಿಯೇ ಬೇಡ, 1 ರೂಪಾಯಿ ಕಟ್ಟಿ ನೋಂದಾಯಿಸಿಕೊಳ್ಳಿ ಅಂದರು. 500 ಚದರ ಮೀಟರ್‌ವರೆಗೆ ಮಾಲೀಕರ ಸ್ವಯಂ ಘೋಷಣೆ ಮೇಲೆ ತಕ್ಷಣ ಒಪ್ಪಿಗೆ. ತಮಿಳುನಾಡು 2024ರ ಜುಲೈನಿಂದ 2,500 ಚದರಡಿ ಸೈಟಿನಲ್ಲಿ 3,500 ಚದರಡಿವರೆಗಿನ ಮನೆಗೆ ಅದೇ ರೀತಿ ಮಾಡಿತು. ಕೇರಳದಲ್ಲೂ 300 ಚದರ ಮೀಟರ್ ಒಳಗಿನ ಮನೆಗಳಿಗೆ ಇಂಥದ್ದೇ ಸ್ವಯಂ ಘೋಷಣೆ ಇದೆ. ನಮ್ಮ ಬೆಂಗಳೂರಿನಲ್ಲೇ 2024ರಲ್ಲಿ 'ನಂಬಿಕೆ ನಕ್ಷೆ' ಬಂತಲ್ವಾ? 50×80ವರೆಗಿನ ಸೈಟಿನಲ್ಲಿ ನಾಲ್ಕು ಮನೆಯವರೆಗೆ ಕಟ್ಟುವವರಿಗೆ ಪಟ್ಟಿಯಲ್ಲಿರುವ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕ ಹೋದರೆ ಅಲ್ಲೇ ತಾತ್ಕಾಲಿಕ ನಕ್ಷೆ ಸಿಗುತ್ತದೆ, ಪರಿಶೀಲನೆ ಆಮೇಲೆ.

ಇವೆಲ್ಲ ಒಳ್ಳೆಯವೇ. ಆದರೆ ಒಂದು ವ್ಯತ್ಯಾಸ ನೋಡಿ. ಇಲ್ಲೆಲ್ಲ ಸರ್ಕಾರ ನಂಬುವುದು ಸಹಿ ಹಾಕುವ ಮನುಷ್ಯನನ್ನು. ಆ ಮನುಷ್ಯ ಒಳ್ಳೆಯವನಾದರೆ ಸರಿ. ಕೆಟ್ಟ ನಕ್ಷೆಯೂ ಅಷ್ಟೇ ಬೇಗ ಪಾಸಾಗುತ್ತದೆ, ಎರಡು ಪ್ಲಾನ್ ಆಟವೂ ಅಷ್ಟೇ ಬೇಗ ಶುರುವಾಗುತ್ತದೆ, ಪರಿಶೀಲನೆಗೆ ಬರುವಷ್ಟರಲ್ಲಿ ಪಾಯ ಮೇಲೆದ್ದಿರುತ್ತದೆ. ಮೊದಲೇ ಮಂಜೂರಾದ ನಕ್ಷೆಯಲ್ಲಿ ನೀವು ನಂಬುವುದು ನಕ್ಷೆಯನ್ನು. ಅದನ್ನು ನೀವೇ ನಿಧಾನವಾಗಿ, ಹತ್ತು ಜನ ಕೂತು, ಎಲ್ಲ ಕೋನದಿಂದ ನೋಡಿ ಒಪ್ಪಿರುತ್ತೀರಿ. ಎರಡೂ ದಾರಿ ಇರಲಿ. ಸ್ವಂತ ಆಸೆಯ ಮನೆ ಬೇಕಾದವರು ಇಂಜಿನಿಯರ್ ಮೂಲಕ ಹೋಗಲಿ, ಸುಮ್ನೆ ಒಂದು ಒಳ್ಳೆಯ ಮನೆ ಸಾಕು ಅನ್ನುವವರಿಗೆ ಈ ದಾರಿ.

ಇನ್ನು ನಮ್ಮ ಕಡೆ ಇದು ನಡೆಯಬೇಕಾದರೆ ನಕ್ಷೆ ಹೇಗಿರಬೇಕು ಅನ್ನುವುದು ಮುಖ್ಯ. ಈ ವಿಷಯದಲ್ಲಿ ನನ್ನ ಹತ್ತಿರ ಸ್ವಲ್ಪ ಸರಕು ಇದೆ, ಉದ್ದ ಆದರೆ ಸಹಿಸಿಕೊಳ್ಳಿ.

ಮೊದಲನೆಯದು ದಿಕ್ಕು. ಹೊರದೇಶದಲ್ಲಿ ಒಂದು ನಕ್ಷೆ ಮಾಡಿದರೆ ಅದನ್ನೇ ಎಡಬಲ ತಿರುಗಿಸಿ ಇನ್ನೊಂದು ಮಾಡಿಬಿಡಬಹುದು. ಕಂಪ್ಯೂಟರಿನಲ್ಲಿ ಮಿರರ್ ಅಂತ ಒಂದು ಬಟನ್, ಕ್ಷಣದ ಕೆಲಸ. ನಮ್ಮಲ್ಲಿ ಆಗುವುದಿಲ್ಲ. ಪೂರ್ವಕ್ಕೆ ರಸ್ತೆ ಇರುವ ಸೈಟಿನ ನಕ್ಷೆಯನ್ನು ಹಾಗೆ ಮಗುಚಿದರೆ ಆಗ್ನೇಯದಲ್ಲಿದ್ದ ಒಲೆ ಈಶಾನ್ಯಕ್ಕೆ ಬರುತ್ತದೆ, ಈಶಾನ್ಯದಲ್ಲಿದ್ದ ಸಂಪು ಆಗ್ನೇಯಕ್ಕೆ ಹೋಗುತ್ತದೆ. ಮನೆಯ ಹಿರಿಯರು ಆ ಕಾಗದವನ್ನು ಮುಟ್ಟುವುದೂ ಇಲ್ಲ. ವಾಸ್ತುವನ್ನು ನಾನು ಎಷ್ಟು ನಂಬುತ್ತೇನೆ ಅನ್ನುವುದು ಬೇರೆ ಮಾತು. ನಮ್ಮ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಅದನ್ನೇ, ಆಯ ನೋಡಿಸಿಕೊಂಡೇ ಬರುವವರೂ ಇದ್ದಾರೆ. ಸರ್ಕಾರಿ ನಕ್ಷೆಯಲ್ಲಿ ವಾಸ್ತು ಅಂತ ಬರೆಯುವುದೇನೂ ಬೇಡ. ನಾಲ್ಕು ದಿಕ್ಕಿಗೂ ಬೇರೆ ಬೇರೆ ನಕ್ಷೆ ಮಾಡಿಸಿದರೆ ಆಯಿತು. ಬಿಸಿಲು ಗಾಳಿಯ ಲೆಕ್ಕಕ್ಕೂ ಅದು ಬೇಕೇ ಬೇಕು. ಪಶ್ಚಿಮದ ಬಿಸಿಲಿಗೆ ಮುಖ ಕೊಟ್ಟ ರೂಮಿನಲ್ಲಿ ಏಪ್ರಿಲ್ ತಿಂಗಳಲ್ಲಿ ಮಲಗಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಬಾಡಿಗೆ. ಮೈಸೂರಿನಲ್ಲಿ 30×40 ಕಟ್ಟುವವರಲ್ಲಿ ಎಷ್ಟೋ ಜನ ಸಾಲದ ಕಂತು ಕಟ್ಟುವುದು ಕೆಳಗಿನ ಮನೆಯ ಬಾಡಿಗೆಯಿಂದ. ಇದನ್ನು ಒಪ್ಪಿಕೊಂಡು ನಕ್ಷೆ ಮಾಡಿ. ಕೆಳಗಿನವರ ಬಾಗಿಲು ಬೇರೆ, ಮೇಲಿನವರ ಮೆಟ್ಟಿಲು ಬೇರೆ, ಕರೆಂಟ್ ಮೀಟರ್ ಬೇರೆ, ನೀರಿನ ಟ್ಯಾಂಕ್ ಬೇರೆ, ಎರಡು ಸ್ಕೂಟರ್ ಒಂದು ಕಾರು ನಿಲ್ಲುವ ಜಾಗ. ಇಷ್ಟನ್ನು ನಿಯಮದೊಳಗೆ ಕೂಡಿಸಿ ತೋರಿಸಿದರೆ ಎರಡನೇ ಪ್ಲಾನ್ ಬರೆಸುವ ಅಗತ್ಯವೇ ಬಹಳಷ್ಟು ಜನರಿಗೆ ಇರುವುದಿಲ್ಲ. ಒಂದು ಕುಟುಂಬಕ್ಕೆ ಒಂದು ಮನೆ, ಒಳಗೆ ಮೆಟ್ಟಿಲು, ಮುಂದೆ ಹುಲ್ಲುಹಾಸು ಅಂತ ಚಿತ್ರ ಬರೆದು ಕೊಟ್ಟರೆ ಅದು ನಿಮ್ಮ ವೆಬ್‌ಸೈಟಿನಲ್ಲೇ ಧೂಳು ಹಿಡಿಯುತ್ತದೆ.

ಮೂರನೆಯದು ಕಂತಿನಲ್ಲಿ ಕಟ್ಟುವುದು. ಈಗ ನೆಲಮಹಡಿ, ಮಗಳ ಮದುವೆ ಮುಗಿದ ಮೇಲೆ ಮೊದಲ ಮಹಡಿ, ಮಗನಿಗೆ ಕೆಲಸ ಸಿಕ್ಕ ಮೇಲೆ ಇನ್ನೊಂದು. ನಮ್ಮ ಜನ ಹೀಗೇ ಕಟ್ಟುವುದು. ಅದಕ್ಕೇ ಎಷ್ಟೋ ಮನೆಗಳ ತಾರಸಿ ಮೇಲೆ ಕಂಬಿಗಳು ತುಕ್ಕು ಹಿಡಿದು ನಿಂತಿರುತ್ತವೆ. ನಕ್ಷೆಯಲ್ಲೇ ಮೂರೂ ಹಂತ ತೋರಿಸಿ. ಪಿಲ್ಲರ್, ಬೀಮ್ ಲೆಕ್ಕವನ್ನು ಮೊದಲೇ ಪೂರ್ತಿ ಎತ್ತರಕ್ಕೆ ಮಾಡಿ ಕೊಡಿ. ಮೇಲಿನ ಮಹಡಿ ಕಟ್ಟುವಾಗ ಹೊಸದಾಗಿ ಮಂಜೂರಾತಿ ಅಂತ ಓಡಾಡಿಸಬೇಡಿ. ಶುರು ಮಾಡುತ್ತಿದ್ದೇವೆ ಅಂತ ತಿಳಿಸಿದರೆ ಸಾಕು ಅನ್ನಿ.

ಪಾಯದ ವಿಷಯ ಮಾತ್ರ ಬೇರೆ. ಅದನ್ನು ಮೊದಲೇ ಮಂಜೂರು ಮಾಡಿ ಇಡಲು ಬರುವುದಿಲ್ಲ, ಇಡಲೂ ಬಾರದು. ಚಾಮುಂಡಿ ಬೆಟ್ಟದ ಬುಡದ ಕಡೆ ಸ್ವಲ್ಪ ಅಗೆದರೆ ಗಟ್ಟಿ ಸಿಗುವ ಜಾಗಗಳಿವೆ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಗಳೇ ಬಡಾವಣೆ ಆಗಿವೆ. ಮೇಲೆ ಮಣ್ಣು ಹೊಡೆಸಿ ಮಟ್ಟ ಮಾಡಿ ಸೈಟು ಅಂತ ಮಾರಿರುತ್ತಾರೆ, ಕೆಳಗೆ ಕೆಸರು. ಎರಡಕ್ಕೂ ಒಂದೇ ಪಾಯ ಹಾಕಿದರೆ ಗೃಹಪ್ರವೇಶದ ವರ್ಷವೇ ಗೋಡೆ ಬಿರುಕು ಬಿಡುತ್ತದೆ. ನಾನು ಹೇಳಿದ ಹೊರದೇಶದ ಊರುಗಳಲ್ಲೂ ನಕ್ಷೆ ಮೊದಲೇ ಒಪ್ಪಿದ್ದಾದರೂ ಸೈಟಿನ ಮಣ್ಣು, ಇಳಿಜಾರು, ಚರಂಡಿ ಇವನ್ನು ಬೇರೆಯಾಗಿಯೇ ನೋಡುತ್ತಾರೆ. ಇಲ್ಲೂ ಮಣ್ಣು ನೋಡಿ ಪಾಯದ ವಿವರ ಬರೆದುಕೊಡಲು ಒಬ್ಬ ಸ್ಥಳೀಯ ಇಂಜಿನಿಯರ್ ಬೇಕು, ಅವರ ಸಹಿ ಬೇಕು, ಜವಾಬ್ದಾರಿಯೂ ಅವರದೇ. ಪಾಯ ಮುಗಿದಾಗ ಒಂದು ಸಲ, ಮೋಲ್ಡ್ ಹಾಕುವ ಮುಂಚೆ ಒಂದು ಸಲ ನಿಮ್ಮ ಕಡೆಯಿಂದ ಯಾರಾದರೂ ಬಂದು ನೋಡಬೇಕು. ನಕ್ಷೆ ನೋಡುವ ಹೊತ್ತು ಉಳಿಯುತ್ತದಲ್ಲ, ಅದನ್ನು ಇಲ್ಲಿಗೆ ಹಾಕಿ.

ಇಂಜಿನಿಯರುಗಳ ಹೊಟ್ಟೆಪಾಡಿನ ಪ್ರಶ್ನೆಗೂ ಇದೇ ಉತ್ತರ. ನಮ್ಮ ಆಫೀಸಿನವರು ನಕ್ಕದ್ದು ಇದಕ್ಕೇ. ಈಗ ಇಂಜಿನಿಯರುಗಳ ಹೊತ್ತು ಪೋರ್ಟಲ್ ಮುಂದೆ ಕಳೆಯುತ್ತದೆ, ಸೈಟಿನ ಹತ್ತಿರ ಹೋಗಲು ಪುರುಸೊತ್ತಿಲ್ಲ. ಮನೆ ಮಾಲೀಕರೂ ಅವರಿಗೆ ದುಡ್ಡು ಕೊಡುವುದು ಪ್ಲಾನ್ ಪಾಸ್ ಮಾಡಿಸಲು ಮಾತ್ರ. ಕಂಬಿ ಸರಿ ಕಟ್ಟಿದ್ದಾರಾ, ಸಿಮೆಂಟ್ ಕ್ಯೂರಿಂಗ್ ಆಗಿದೆಯಾ ಅಂತ ನೋಡುವವರಿಗೆ ದುಡ್ಡು ಕೊಡಲು ನಮ್ಮಲ್ಲಿ ಯಾರಿಗೂ ಮನಸ್ಸಿಲ್ಲ. ಅದು ಮೇಸ್ತ್ರಿಯ ಪಾಲು. ನನ್ನಂಥ ಡ್ರಾಫ್ಟ್ಸ್‌ಮನ್‌ಗಳಿಗೆ ಕೆಲಸ ಕಡಿಮೆ ಆಗುತ್ತದೆ, ಅದು ನಿಜ, ಮುಚ್ಚಿಡುವುದಿಲ್ಲ. ಸೇವ್ ಆ್ಯಸ್ ಮಾಡುವುದೇ ಒಂದು ಜೀವನವಾ ಅಂತ ನನಗೇ ಎಷ್ಟೋ ಸಲ ಅನ್ನಿಸಿದೆ, ಅದೂ ನಿಜ.

ಎಲ್ಲ ಮನೆ ಒಂದೇ ತರಹ ಕಾಣುತ್ತವೆ ಅನ್ನುವವರಿಗೆ ಹೂಟಗಳ್ಳಿಯ ಕೆಎಚ್‌ಬಿ ಕಾಲೊನಿಯಲ್ಲಿ ಒಂದು ಸುತ್ತು ಹಾಕಿಸಿ. ಗೃಹ ಮಂಡಳಿಯವರು ಮಾದರಿ ನಕ್ಷೆ ಇಟ್ಟುಕೊಂಡೇ ಸಾಲು ಮನೆ ಕಟ್ಟಿಕೊಟ್ಟದ್ದು. ಈಗ ಅಲ್ಲಿ ಯಾವ ಮನೆ ಪಕ್ಕದ ಮನೆಯ ತರಹ ಇದೆ? ಒಬ್ಬರು ಮುಂದೆ ಗ್ರಿಲ್ ಹಾಕಿಸಿದ್ದಾರೆ, ಒಬ್ಬರು ಮೇಲೆ ಎತ್ತಿದ್ದಾರೆ, ಒಬ್ಬರು ಪೂರ್ತಿ ಟೈಲ್ಸ್ ಬಡಿದಿದ್ದಾರೆ. ರೆಡಿಮೇಡ್ ಪ್ಯಾಂಟ್ ತಂದವರು ಕಾಲಿನ ಉದ್ದ ಹೊಲಿಸಿಕೊಳ್ಳುವುದಿಲ್ವಾ, ಹಾಗೆ. ಬಣ್ಣ, ಕಿಟಕಿಯ ಮಾದರಿ, ಮುಂದಿನ ಅಲಂಕಾರ ಇವನ್ನೆಲ್ಲ ಜನರಿಗೇ ಬಿಡಿ. ಗೋಡೆ ಎಲ್ಲಿ ನಿಲ್ಲುತ್ತದೆ, ಎಷ್ಟು ಜಾಗ ಬಿಟ್ಟಿದೆ, ಎಷ್ಟು ಎತ್ತರ, ಇದನ್ನು ಮಾತ್ರ ಮುಟ್ಟಬೇಡಿ ಅಂತ ಗಟ್ಟಿಯಾಗಿ ಹೇಳಿ.

ಇದರಿಂದ ಬಗೆಹರಿಯದ್ದೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಫೈಲು ನಿಲ್ಲುವುದು ಬರೀ ನಕ್ಷೆಯಿಂದಲ್ಲ. ಖಾತೆಯಲ್ಲಿ ಅಪ್ಪನ ಹೆಸರು, ಕ್ರಯಪತ್ರದಲ್ಲಿ ಇನಿಷಿಯಲ್ ಬೇರೆ, ಇ-ಖಾತೆ ಆಗಿಲ್ಲ, ಕಂದಾಯ ಸೈಟು, ಬಿ ಖಾತೆ, ಬಡಾವಣೆಯೇ ಪಾಲಿಕೆಗೆ ಹಸ್ತಾಂತರ ಆಗಿಲ್ಲ. ನಮ್ಮ ಪರಿಚಯದ ಒಂದು ಕುಟುಂಬದ ನಕ್ಷೆಯಲ್ಲಿ ಒಂದು ಗೆರೆ ತಪ್ಪಿರಲಿಲ್ಲ, ಆದರೂ ಒಂದು ಕಚೇರಿಯಲ್ಲಿ ಫೈಲು ಕೂತಿತು. ಕಾರಣ, ಸೈಟಿನ ಹಿಂಬದಿ ಅಳತೆ ಕಾಗದದಲ್ಲಿ 30 ಅಡಿ, ನೆಲದಲ್ಲಿ 29 ಚಿಲ್ಲರೆ. ಇಂಥದ್ದಕ್ಕೆ ಎಷ್ಟು ಚೆಂದದ ನಕ್ಷೆ ಇದ್ದರೂ ಏನೂ ಪ್ರಯೋಜನ ಇಲ್ಲ. ಹಾಗಾಗಿ ಮೊದಲೇ ಒಪ್ಪಿದ ನಕ್ಷೆಗಳಲ್ಲಿ ಅಳತೆಗೆ ಒಂದಿಷ್ಟು ಸಡಿಲ ಇಡಿ. ಅರ್ಧ ಅಡಿ, ಒಂದಡಿ ಆಚೀಚೆ ಆದರೆ ಮನೆಯ ಯಾವ ಭಾಗವನ್ನು ಕಿರಿದು ಮಾಡಬೇಕು ಅಂತ ನಕ್ಷೆಯಲ್ಲೇ ಬರೆದಿರಲಿ. ಮೂಲೆ ಸೈಟು, ಸೊಟ್ಟ ಸೈಟು ಇವನ್ನು ಸದ್ಯಕ್ಕೆ ಬಿಟ್ಟುಬಿಡಿ. ಅರಮನೆ ಸುತ್ತಮುತ್ತ, ಅಗ್ರಹಾರ, ದೇವರಾಜ ಮೊಹಲ್ಲಾದಂಥ ಹಳೆಯ ಭಾಗಗಳಿಗೂ ಇದು ಬೇಡ. ಅಲ್ಲಿನ ಮನೆಗಳಿಗೆ ಬೇರೆಯೇ ಕಣ್ಣು ಬೇಕು.

ಈಗಲೇ ಮಾಡಿ ಅನ್ನಲು ಎರಡು ಕಾರಣ ಇವೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಮಗೆ ಗೊತ್ತೇ ಇದೆ: ಕಟ್ಟಡ ನಿಯಮದಂತೆ ಮುಗಿದಿದೆ ಅನ್ನುವ ಪತ್ರ ಇದ್ದರೆ ಮಾತ್ರ ಕರೆಂಟು, ನೀರು, ಒಳಚರಂಡಿ. ಆಮೇಲೆ ರಾಜ್ಯದಲ್ಲಿ ಎಷ್ಟು ಮನೆಗಳು ಮೀಟರ್ ಇಲ್ಲದೆ ಕಾದವು, ಸಣ್ಣ ಮನೆಗಳಿಗೆ ವಿನಾಯಿತಿ ಕೊಡಿ ಅಂತ ಎಷ್ಟು ಗಲಾಟೆ ಆಯಿತು ಎಲ್ಲರೂ ನೋಡಿದ್ದೇವೆ. ವಿನಾಯಿತಿ ಒಂದು ಸಲ ಕೊಡಬಹುದು, ಎರಡು ಸಲ ಕೊಡಬಹುದು. ಅಕ್ರಮ-ಸಕ್ರಮ ಅಂತ ಹೊರಟದ್ದೂ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಂತುಹೋಯಿತು. ಕಟ್ಟಿದ ಮೇಲೆ ಮಾಫಿ ಕೇಳುವ ದಾರಿ ಕಿರಿದಾಗುತ್ತಿರುವಾಗ ಕಟ್ಟುವ ಮುಂಚಿನ ದಾರಿಯನ್ನಾದರೂ ಅಗಲ ಮಾಡಬೇಕಲ್ವಾ?

ಇನ್ನೊಂದು ಕಾರಣ ಮೈಸೂರು ಬೆಳೆಯುತ್ತಿರುವ ರೀತಿ. ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯ್ತಿ ಇವನ್ನೆಲ್ಲ ಸೇರಿಸಿ ದೊಡ್ಡ ಮೈಸೂರು ಮಾಡುವ ಮಾತು ನಡೆದಿದೆ. ಹೆಸರು ಏನೇ ಇರಲಿ, ಇವೆಲ್ಲದರ ಅಂಚಿನಲ್ಲಿ ಎದ್ದೇಳುವುದು ಇದೇ 20×30, 30×40, 40×60. ಒಂದು ರಸ್ತೆಯ ಈ ಬದಿಗೆ ಒಂದು ಕಚೇರಿ, ಆ ಬದಿಗೆ ಇನ್ನೊಂದು ಕಚೇರಿ, ಒಂದೇ ಮನೆಗೆ ಎರಡು ಕಡೆ ಎರಡು ಬಗೆಯ ಆಕ್ಷೇಪ. ನಕ್ಷೆ ಪಟ್ಟಿ ಎಲ್ಲರಿಗೂ ಒಂದೇ ಆದರೆ ಈ ತಕರಾರು ತಾನಾಗಿ ಹೋಗುತ್ತದೆ. 1903ರಲ್ಲೇ, ಪ್ಲೇಗ್ ನೋಡಿದ ಮೇಲೆ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿ ನೆಟ್ಟಗೆ ರಸ್ತೆ ಎಳೆದು, ಮನೆಗಳ ಹಿಂದೆ ಶುಚಿಕೆಲಸದವರು ಓಡಾಡಲು ಕನ್ಸರ್ವೆನ್ಸಿ ಗಲ್ಲಿ ಬಿಟ್ಟು ಬಡಾವಣೆ ಮಾಡಿದ ಊರು ಇದು. ಮೊದಲೇ ಯೋಚಿಸಿ ಕಟ್ಟುವುದನ್ನು ನಮಗೆ ಹೊರಗಿನವರು ಕಲಿಸಬೇಕಿಲ್ಲ.

ಖರ್ಚಿನ ಮಾತು ಬಂದರೆ, ಮೂರು ಅಳತೆ, ನಾಲ್ಕು ದಿಕ್ಕು, ಒಂದೊಂದಕ್ಕೆ ಮೂರು ಆಯ್ಕೆ ಅಂದರೂ 36 ನಕ್ಷೆ. ಇಡೀ ಕೆನಡಾಕ್ಕೆ 50 ಸಾಕಾಗಿರುವಾಗ ನಮಗೆ 36 ಧಾರಾಳ. ಇಂಜಿನಿಯರಿಂಗ್ ಕಾಲೇಜು ಅಂದರೆ ಮೈಸೂರಿನಲ್ಲಿ ಎನ್‌ಐಇ, ಜೆಸಿಇ ಇವೆ, ಮಂಡ್ಯದಲ್ಲಿ ಪಿಇಎಸ್ ಇದೆ, ಆರ್ಕಿಟೆಕ್ಚರ್ ಕಾಲೇಜುಗಳೂ ಇವೆ. ಬಹಿರಂಗ ಸ್ಪರ್ಧೆ ಇಡಿ. ಗೆದ್ದ ಆರ್ಕಿಟೆಕ್ಟ್‌ಗೆ ಸರಿಯಾದ ಸಂಭಾವನೆ ಕೊಡಿ, ಹೆಸರು ನಕ್ಷೆ ಮೇಲೆ ಇರಲಿ. ತೀರ್ಪುಗಾರರಲ್ಲಿ ಇಬ್ಬರು ಮೇಸ್ತ್ರಿಗಳೂ ಬಾಡಿಗೆ ಮನೆಯಲ್ಲಿರುವ ಇಬ್ಬರು ಗೃಹಿಣಿಯರೂ ಇರಲೇಬೇಕು, ಇದು ನನ್ನ ಹಟ. ಅಡುಗೆಮನೆಯಲ್ಲಿ ಗ್ರೈಂಡರ್ ಎಲ್ಲಿ ಇಡುವುದು, ಬಟ್ಟೆ ಎಲ್ಲಿ ಒಣಗಿಸುವುದು ಅಂತ ಕೇಳುವವರು ಅವರೇ. ನಕ್ಷೆಯ ವಿವರ ಕನ್ನಡದಲ್ಲಿರಲಿ. ಅಳತೆ ಮೀಟರಿನ ಜೊತೆ ಅಡಿಯಲ್ಲೂ ಇರಲಿ, ಯಾಕೆಂದರೆ ಮೇಸ್ತ್ರಿಯ ಟೇಪಿನಲ್ಲಿ ಅವನು ನೋಡುವುದು ಅಡಿಯ ಬದಿಯನ್ನೇ. ಜೊತೆಗೆ ಕಂಬಿ ಎಷ್ಟು, ಸಿಮೆಂಟ್ ಎಷ್ಟು ಮೂಟೆ, ಇಟ್ಟಿಗೆ ಎಷ್ಟು ಅಂತ ಒಂದು ಪಟ್ಟಿ ಕೊಟ್ಟರೆ ಚದರಕ್ಕೆ ಇಷ್ಟು ಅಂತ ಬಾಯಿಗೆ ಬಂದ ರೇಟು ಹೇಳುವ ಕಂಟ್ರ್ಯಾಕ್ಟರುಗಳ ಹತ್ತಿರ ಜನ ಸ್ವಲ್ಪ ಧೈರ್ಯವಾಗಿ ಮಾತಾಡುತ್ತಾರೆ.

ಎಲ್ಲ ಒಟ್ಟಿಗೆ ಬೇಡ. ಒಂದು ಹೊಸ ಬಡಾವಣೆ ಮೈಸೂರಿನಲ್ಲಿ, ಒಂದು ಮಂಡ್ಯದಲ್ಲಿ ಆರಿಸಿಕೊಳ್ಳಿ. ಖಾತೆ ಸರಿ ಇರುವ, ಅಳತೆ ಸರಿ ಇರುವ ಸೈಟುಗಳಿಗೆ ಮಾತ್ರ ಶುರು ಮಾಡಿ. ಅರ್ಜಿ ಬಂದ ಮೇಲೆ ಇಷ್ಟು ದಿನ ಅಂತ ಬರೆದು ಹಾಕಿ, ಅಷ್ಟರಲ್ಲಿ ಆಕ್ಷೇಪ ಹೇಳದಿದ್ದರೆ ಒಪ್ಪಿಗೆ ಸಿಕ್ಕಿತು ಅಂತಲೇ ಅರ್ಥ ಅನ್ನಿ. ಮತ್ತೆ ಮೊದಲ ನಕ್ಷೆಯಾಗಿ ಪೂರ್ವಕ್ಕೆ ಮುಖ ಮಾಡಿದ 30×40 ಮಾಡಿಸಬೇಡಿ. ಅದು ಎಲ್ಲರ ಹತ್ತಿರವೂ ಇದೆ, ನನ್ನ ಹತ್ತಿರವೂ ಇದೆ, ಬೇಕಾದರೆ ಪುಕ್ಕಟೆ ಕೊಡುತ್ತೇನೆ. ದಕ್ಷಿಣಕ್ಕೆ ಮುಖ ಮಾಡಿದ 20×30 ಇಂದ ಶುರು ಮಾಡಿ. ಕಡಿಮೆ ರೇಟಿಗೆ ಸಿಗುತ್ತದೆ ಅಂತ ಅದನ್ನು ಕೊಳ್ಳುವವರು ತೀರಾ ಸಣ್ಣ ಸಂಪಾದನೆಯವರು, ಅದಕ್ಕೆ ಒಳ್ಳೆಯ ನಕ್ಷೆ ಬರೆದುಕೊಡುವವರು ಇಲ್ಲವೇ ಇಲ್ಲ, ನಮ್ಮ ಆಫೀಸಿನಲ್ಲೂ ಇಲ್ಲ.

ಇಂತಿ,
ಮಂಡ್ಯ ಕಡೆಯ ಒಬ್ಬ ಡ್ರಾಫ್ಟ್ಸ್‌ಮನ್, ಮೈಸೂರು